ಡೌಲೈಸಿನ ಒಡತಿ

ವೇಲ್ಸ್ ದೇಶದ ದಕ್ಷಿಣದಲ್ಲಿ, ಟಾಫ್ ನದಿಯು ಬೆಟ್ಟಗಳ ನಡುವಿನಿಂದ ಇಳಿದು ಕಾರ್ಡಿಫ್ ರೇವಿನ ಕಡೆಗೆ ಹರಿಯುವ ಕಣಿವೆಯ ತಲೆಯಲ್ಲಿ, ಮರ್ಥರ್ ಟಿಡ್‌ವಿಲ್ ಎಂಬ ಪಟ್ಟಣವೂ ಅದಕ್ಕೆ ತಗುಲಿದಂತೆ ಎತ್ತರದಲ್ಲಿ ಡೌಲೈಸ್ ಎಂಬ ಊರೂ ಇವೆ. ಕಬ್ಬಿಣದ ಅದಿರು, ಕಲ್ಲಿದ್ದಲು, ಸುಣ್ಣಕಲ್ಲು ಈ ಮೂರೂ ಒಂದೇ ಮಲೆಯ ಮಗ್ಗುಲಲ್ಲಿ ದೊರೆಯುವುದು ಅಪೂರ್ವವಾದ ಯೋಗ. ಆ ಯೋಗವು ಒದಗಿದ್ದರಿಂದಲೇ ಕುರಿಮಂದೆಗಳು ಮೇಯುತ್ತಿದ್ದ ಈ ಬರಡು ನೆಲದಲ್ಲಿ ೧೭೫೯ರಲ್ಲಿ ಒಂದು ಕಬ್ಬಿಣದ ಕಾರ್ಖಾನೆಯು ಸ್ಥಾಪಿತವಾಯಿತು. ೧೭೬೭ರಲ್ಲಿ ಷ್ರಾಪ್‌ಷೈರಿನ ಬ್ರೋಸ್ಲಿ ಎಂಬ ಊರಿನಿಂದ ಜಾನ್ ಗೆಸ್ಟ್ ಎಂಬಾತನು ವ್ಯವಸ್ಥಾಪಕನಾಗಿ ಇಲ್ಲಿಗೆ ಬಂದನು. ಸಂಬಳಕ್ಕೆಂದು ಬಂದವನ ಮನೆತನವು ಕಾಲಕ್ರಮದಲ್ಲಿ ಪಾಲುದಾರಿಕೆಯನ್ನು ಗಳಿಸಿ, ಆತನ ಮೊಮ್ಮಗನಾದ ಜೋಸೈಯ ಜಾನ್ ಗೆಸ್ಟ್‌ನ ಆಡಳಿತದಲ್ಲಿ ಡೌಲೈಸ್ ಎಂಬುದು ಲೋಕದ ಅತ್ಯಂತ ದೊಡ್ಡ ಕಬ್ಬಿಣದ ಕಾರ್ಖಾನೆಯಾಗಿ ಬೆಳೆಯಿತು. ೧೮೪೫ರ ವೇಳೆಗೆ ಅಲ್ಲಿ ೧೮ ಊದುಕುಲುಮೆಗಳು ಹಗಲಿರುಳೂ ಉರಿಯುತ್ತಿದ್ದವು. ೭,೦೦೦ಕ್ಕೂ ಮಿಕ್ಕ ಜನರು ದುಡಿಯುತ್ತಿದ್ದರು. ವರ್ಷಕ್ಕೆ ಸುಮಾರು ೮೮,೦೦೦ ಟನ್ ಕಬ್ಬಿಣವು ಹೊರಬೀಳುತ್ತಿದ್ದಿತು. ಈ ವೈಭವದ ಕಾಲದಲ್ಲಿ ಕಾರ್ಖಾನೆಯ ಲೆಕ್ಕಪತ್ರಗಳ ಮೇಲೂ ಪತ್ರವ್ಯವಹಾರದ ಮೇಲೂ ಕೈಯಾಡಿಸುತ್ತಿದ್ದವಳು ಒಬ್ಬ ಅರ್ಲನ ಮಗಳು. ಆಕೆಯು ಈ ಊರಿಗೆ ಬಂದ ಬಗೆಯೂ ಇಲ್ಲಿ ನಡೆಸಿದ ಬಾಳೂ ಉದ್ಯಮದ ಇತಿಹಾಸದಲ್ಲಿ ವಿಶೇಷವಾದ ಅಧ್ಯಾಯವಾಗಿವೆ.

ಲೇಡಿ ಷಾರ್ಲಟ್ ಬರ್ಟಿಯು ೧೮೧೨ರ ಮೇ ೧೯ರಂದು ಲಿಂಕನ್‌ಷೈರಿನ ಅಫಿಂಗ್ಟನ್ ಎಂಬಲ್ಲಿ ಜನಿಸಿದಳು. ತಂದೆಯಾದ ಲಿಂಡ್ಸೆಯ ಒಂಬತ್ತನೆಯ ಅರ್ಲನು ಮಗಳು ಹುಟ್ಟುವಾಗಲೇ ವೃದ್ಧನು. ಆಕೆಗೆ ಆರು ವರ್ಷ ವಯಸ್ಸಾಗಿದ್ದಾಗ, ಇಬ್ಬರು ತಮ್ಮಂದಿರು ಇನ್ನೂ ಕೂಸುಗಳಾಗಿರುವಾಗಲೇ ಆತನು ತೀರಿಕೊಂಡನು. ಮೂರು ವರ್ಷಗಳ ತರುವಾಯ ತಾಯಿಯು ಪೀಟರ್ ಪೆಗಸ್ ಎಂಬ ಪಾದ್ರಿಯನ್ನು ಮದುವೆಯಾದಳು. ಕುಡಿತಕ್ಕೂ ಕೋಪಕ್ಕೂ ವಶನಾಗಿದ್ದ ಈ ಮಲತಂದೆಯಿಂದ ಮನೆಯ ನೆಮ್ಮದಿಯು ಕೆಟ್ಟಿತು. ಬಾಲಕಿಯು ಆತನನ್ನು ಎಂದೂ ಪ್ರೀತಿಸಲಾರದೆ ಹೋದಳು. ತಮ್ಮಂದಿರಿಗೆ ಪಾಠ ಹೇಳಲು ಬರುತ್ತಿದ್ದ ಗುರುವಿನಿಂದ ಲ್ಯಾಟಿನ್, ಗ್ರೀಕ್, ಫ್ರೆಂಚ್, ಇಟಾಲಿಯನ್ ಭಾಷೆಗಳನ್ನು ಗ್ರಹಿಸಿ, ಸಾಲದೆಂಬಂತೆ ಹೀಬ್ರೂ, ಅರಬ್ಬೀ, ಪಾರಸಿ ಭಾಷೆಗಳನ್ನು ತನ್ನಷ್ಟಕ್ಕೆ ತಾನೇ ಕಲಿಯತೊಡಗಿದ ಆಕೆಗೆ ಗ್ರಂಥಗಳೇ ಆಪ್ತವಾದವು. ಹತ್ತರ ಪ್ರಾಯದ ಸುಮಾರಿಗೆ, ೧೮೨೨ರಲ್ಲಿ, ಆಕೆ ದಿನಚರಿ ಬರೆಯಲು ತೊಡಗಿದಳು. ಮುಂದೆ ಸುಮಾರು ಎಪ್ಪತ್ತು ವರ್ಷಗಳ ಕಾಲ ಆ ಲೇಖನಿಯು ನಿಲ್ಲಲಿಲ್ಲ. ಇಂದು ನಾವು ಆಕೆಯ ಹೃದಯವನ್ನೂ ಡೌಲೈಸಿನ ಅಂತರಂಗವನ್ನೂ ಒಂದೇ ಪುಟದಲ್ಲಿ ಕಾಣಲು ಸಾಧ್ಯವಾಗಿರುವುದು ಆ ದಿನಚರಿಯ ದೆಸೆಯಿಂದ.

ಯೌವನಕ್ಕೆ ಕಾಲಿರಿಸಿದ ಹೊತ್ತಿಗೆ ಆಗಸ್ಟಸ್ ಓಬ್ರಿಯನ್ ಎಂಬ ನೆರೆನಾಡಿನ ಸದ್ವಂಶದ ತರುಣನಲ್ಲಿ ಆಕೆಯ ಮನಸ್ಸು ನೆಟ್ಟಿತು. ಕಾವ್ಯಪ್ರೀತಿ, ಸಂಭಾಷಣೆಯ ರಸಿಕತೆ, ಸಮಾನ ವಯಸ್ಸು ಇವೆಲ್ಲ ಅಲ್ಲಿ ಕೂಡಿಬಂದಿದ್ದವು. ಆದರೆ ತಾಯಿಯು ಈ ಸ್ನೇಹವನ್ನು ಒಪ್ಪಲಿಲ್ಲ, ತರುಣನು ದೂರವಾದನು, ಮೊಳೆತ ಅನುರಾಗವು ಫಲ ಕಾಣದೆ ಮುರಿದುಬಿದ್ದಿತು. ಆ ಕಾಲದ ಕುಲೀನ ಕನ್ಯೆಗೆ ಇಂಥ ಭಂಗವು ಹೃದಯದ ವ್ಯಥೆಗಿಂತ ಹೆಚ್ಚಿನದಾಗಿದ್ದಿತು. ಆಸ್ತಿಯೂ ಪದವಿಯೂ ತಮ್ಮಂದಿರ ಪಾಲಿನವು. ವಿದ್ಯೆಯನ್ನು ಬಳಸಲು ಯಾವ ಉದ್ಯೋಗವೂ ಇಲ್ಲ. ನೆಮ್ಮದಿಯಿಲ್ಲದ ಮನೆಯಿಂದ ಬಿಡುಗಡೆ ಹೊಂದುವ ಬಾಗಿಲು ವಿವಾಹವೊಂದೇ. ಈ ಬಿಡುಗಡೆಯನ್ನರಸಿ ಆಕೆ ೧೮೩೩ರ ವಸಂತದಲ್ಲಿ ಲಂಡನ್ನಿಗೆ ಬಂದಳು. ಅಲ್ಲಿ ಸಂಗೀತನಾಟಕದ ಸಭೆಯಲ್ಲಿ ಆಕೆಯನ್ನು ಕಂಡವರಲ್ಲಿ, ಮುಂದೆ ಇಂಗ್ಲೆಂಡಿನ ಪ್ರಧಾನಮಂತ್ರಿಯಾಗಲಿದ್ದ ಬೆಂಜಮಿನ್ ಡಿಸ್ರೇಲಿಯೂ ಒಬ್ಬನು. ಈ ಬುದ್ಧಿವಂತೆಯಾದ ವಧುವನ್ನು ವರಿಸಿದರೆ ಹೇಗೆಂದು ಆತನು ಯೋಚಿಸಿದ್ದುಂಟೆಂದು ಚರಿತ್ರಕಾರರು ಬರೆದಿದ್ದಾರೆ. ಆದರೆ ಆಕೆ ಕೈಹಿಡಿದುದು ಬೇರೊಬ್ಬನನ್ನು.

ಜೋಸೈಯ ಜಾನ್ ಗೆಸ್ಟ್‌ನಿಗೆ ಆಗ ನಲವತ್ತೆಂಟು ವರ್ಷ ವಯಸ್ಸು, ಷಾರ್ಲಟ್‌ಳಿಗೆ ಇಪ್ಪತ್ತೊಂದು. ಆತನ ಮೊದಲನೆಯ ಪತ್ನಿಯು ಮದುವೆಯಾದ ವರ್ಷದೊಳಗೇ ೧೮೧೮ರಲ್ಲಿ ಗತಿಸಿದ್ದಳು. ಅಂದಿನಿಂದ ಆತನು ಕಾರ್ಖಾನೆಯನ್ನೇ ಸಂಸಾರವೆಂದು ಭಾವಿಸಿ ಬಾಳಿದ್ದನು. ೧೮೩೨ರಲ್ಲಿ ಮರ್ಥರ್ ಪಟ್ಟಣಕ್ಕೆ ಮೊಟ್ಟಮೊದಲು ಪಾರ್ಲಿಮೆಂಟಿನಲ್ಲಿ ಒಂದು ಸ್ಥಾನ ದೊರೆತಾಗ ಜನರು ಆತನನ್ನೇ ಆರಿಸಿ ಕಳುಹಿಸಿದ್ದರು. ಐಶ್ವರ್ಯವಿದ್ದಿತು, ಗೌರವವಿದ್ದಿತು, ಆದರೂ ಇಂಗ್ಲೆಂಡಿನ ಕುಲೀನವರ್ಗದ ಕಣ್ಣಿಗೆ ಆತನು ಕಬ್ಬಿಣ ಕಾಯಿಸಿ ಮಾರುವ ವ್ಯಾಪಾರಿಯೇ ಆಗಿದ್ದನು. ಭೂಮಿಯ ಗೇಣಿಯಿಂದ ಬಂದ ಹಣವು ಶುದ್ಧವೆಂದೂ ಕುಲುಮೆಯಿಂದ ಬಂದ ಹಣವು ಮಸಿ ತಗುಲಿದುದೆಂದೂ ಎಣಿಸುತ್ತಿದ್ದ ಆ ಸಮಾಜವು, ಅರ್ಲನ ಮಗಳೊಬ್ಬಳು ಬಿರುದಿಲ್ಲದ ಉದ್ಯಮಿಯ ಮನೆಗೆ ಹೋಗುವುದನ್ನು ಪತನವೆಂದೇ ತಿಳಿಯಿತು. ಷಾರ್ಲಟ್ ಆ ಎಣಿಕೆಯನ್ನು ಲೆಕ್ಕಿಸಲಿಲ್ಲ. ಪರಿಚಯವಾದ ಕೆಲವೇ ವಾರಗಳಲ್ಲಿ, ೧೮೩೩ರ ಜುಲೈ ೨೯ರಂದು, ವಿವಾಹವು ನಡೆದುಹೋಯಿತು. ಅವಸರದಲ್ಲಿ ನಡೆದ ಈ ಸಂಬಂಧವು ಮುಂದೆ ಹತ್ತೊಂಬತ್ತು ವರ್ಷಗಳ ಗಾಢವಾದ ದಾಂಪತ್ಯವಾಗಿ ಬೆಳೆದುದಕ್ಕೆ ದಿನಚರಿಯ ಪುಟಗಳೇ ಸಾಕ್ಷಿ.

ಮದುವೆಯ ಬಳಿಕ ಡೌಲೈಸಿಗೆ ಬಂದ ಆಕೆಗೆ ಕಂಡ ದೃಶ್ಯವು ಅಫಿಂಗ್ಟನ್ನಿನ ಹುಲ್ಲುಹಾಸಿಗೂ ಮರಗಳಿಗೂ ತೀರ ವಿರುದ್ಧವಾಗಿದ್ದಿತು. ಕಾರ್ಖಾನೆಯ ಮಗ್ಗುಲಲ್ಲೇ ಒಡೆಯನ ಮನೆ. ಕಿಟಕಿಯ ಹೊರಗೆ ಇರುಳೆಲ್ಲ ಕುಲುಮೆಗಳ ಕೆಂಪು. ಕಿವಿಗೆ ಬಿಡುವಿಲ್ಲದ ಯಂತ್ರಗಳ ಗರ್ಜನೆ. ಕೇವಲ ಎರಡು ವರ್ಷಗಳ ಹಿಂದೆ, ೧೮೩೧ರ ಜೂನ್ ತಿಂಗಳಲ್ಲಿ, ಕೂಲಿಯ ಇಳಿತದಿಂದಲೂ ಸಾಲದ ಬಾಧೆಯಿಂದಲೂ ಕೆರಳಿದ ಮರ್ಥರಿನ ಕೆಲಸಗಾರರು ದಂಗೆಯೆದ್ದು, ಸೈನಿಕರ ಗುಂಡಿಗೆ ಅನೇಕರು ಬಲಿಯಾಗಿದ್ದ ನೆಲವದು. ಇಂಥ ಊರಿನಲ್ಲಿ ಕುಲೀನೆಯಾದವಳು ವರ್ಷಕ್ಕೆ ಒಂದೆರಡು ವಾರ ತಂಗಿ, ಉಳಿದ ಕಾಲವನ್ನು ಲಂಡನ್ನಿನಲ್ಲಿ ಕಳೆಯಬಹುದಾಗಿದ್ದಿತು. ಹಾಗೆ ಮಾಡಿದ್ದರೆ ಯಾರೂ ತಪ್ಪೆಣಿಸುತ್ತಿರಲಿಲ್ಲ. ಆದರೆ ಆಕೆ ಬಂದ ಕೆಲವು ತಿಂಗಳುಗಳಲ್ಲೇ ಅಲ್ಲಿಯ ಜನರ ನುಡಿಯಾದ ವೆಲ್ಷ್ ಭಾಷೆಯನ್ನು ಕಲಿಯಲು ಕುಳಿತಳು. ಗಂಡನೊಡನೆ ಕುಲುಮೆಗಳ ಬಳಿಗೂ ಹಳಿ ತಯಾರಿಸುವ ಗಿರಣಿಗೂ ಹೋಗಿ, ಅದಿರು ಕರಗುವ, ಕಬ್ಬಿಣವು ಶುದ್ಧಿಯಾಗುವ, ಕೆಂಪಗೆ ಕಾದ ಗಟ್ಟಿಯು ಉರುಳೆಗಳ ನಡುವೆ ಹಾಯ್ದು ಹಳಿಯಾಗುವ ಕ್ರಮವನ್ನೆಲ್ಲ ಕಣ್ಣಾರೆ ಕಂಡು ಅರಿತುಕೊಂಡಳು. ಕುಲುಮೆಗೆ ತಣ್ಣನೆಯ ಗಾಳಿಗೆ ಬದಲಾಗಿ ಬಿಸಿಗಾಳಿಯನ್ನೂದಿದರೆ ಇಂಧನವು ಎಷ್ಟೋ ಮಿಗುವುದೆಂಬ ಹೊಸ ವಿಧಾನವು ಆಗತಾನೆ ಪ್ರಚಾರಕ್ಕೆ ಬರುತ್ತಿದ್ದಿತು. ಅದನ್ನು ಕುರಿತ ಒಂದು ಫ್ರೆಂಚ್ ಪ್ರಬಂಧವನ್ನು ಆಕೆ ಇಂಗ್ಲಿಷಿಗೆ ಅನುವಾದಿಸಿದಳು. ಕಾವ್ಯಕ್ಕಾಗಿ ಕಲಿತ ಭಾಷೆಯು ಕುಲುಮೆಯ ಕೆಲಸಕ್ಕೆ ಒದಗಿತು.

ಅಲ್ಲಿಂದ ಮುಂದೆ ಗಂಡನ ಪತ್ರಗಳಿಗೆ ಉತ್ತರ ಬರೆಯುವುದು, ಲೆಕ್ಕದ ಪುಸ್ತಕಗಳನ್ನು ಪರಿಶೀಲಿಸುವುದು, ಕಬ್ಬಿಣದ ಪೇಟೆಯ ಧಾರಣೆಯನ್ನು ಗಮನಿಸುವುದು ಆಕೆಯ ನಿತ್ಯವಿಧಿಯಾಯಿತು. ಅದು ರೈಲುದಾರಿಗಳ ಯುಗ. ಟಾಫ್ ಕಣಿವೆಯ ರೈಲುದಾರಿಯನ್ನು ಬ್ರುನೆಲ್ ಎಂಬ ಪ್ರಸಿದ್ಧ ಎಂಜಿನಿಯರನು ೧೮೪೧ರಲ್ಲಿ ಮರ್ಥರಿನಿಂದ ಕಾರ್ಡಿಫ್‌ವರೆಗೆ ಪೂರೈಸಿದನು. ಆ ರೈಲುದಾರಿಯ ಕಂಪೆನಿಯ ಪ್ರಥಮ ಅಧ್ಯಕ್ಷನು ಗೆಸ್ಟನೇ. ಡೌಲೈಸಿನಲ್ಲಿ ತಯಾರಾದ ಹಳಿಗಳು ಇಂಗ್ಲೆಂಡಿನ ಮಾರ್ಗಗಳಿಗಲ್ಲದೆ ದೂರದ ರಷ್ಯಾ ದೇಶಕ್ಕೂ ಹಡಗೇರಿ ಹೋದವು. ತಾನು ಈಗ ಕಬ್ಬಿಣವೇ ಆಗಿಬಿಟ್ಟಿರುವೆನೆಂದೂ, ಭಾವನೆಯ ಬಾಳು ಕಳೆದು ಕ್ರಿಯೆಯ ಬಾಳು ತನ್ನದಾಗಿದೆಯೆಂದೂ ಆಕೆ ದಿನಚರಿಯಲ್ಲಿ ಹೇಳಿಕೊಂಡಿದ್ದಾಳೆ. ಆಕೆಯ ದಾಂಪತ್ಯದ ಮರ್ಮವು ಇಲ್ಲಿದೆಯೆಂದು ನನ್ನ ನಂಬಿಕೆ. ಪ್ರಥಮ ಪ್ರಣಯವು ಆಕೆಗೆ ಕಾವ್ಯಸಲ್ಲಾಪವನ್ನು ನೀಡಿದ್ದಿತು. ಗೆಸ್ಟನು ತನ್ನ ಕೆಲಸವನ್ನು ಆಕೆಯೊಡನೆ ಹಂಚಿಕೊಂಡನು. ತನ್ನ ಬುದ್ಧಿಗೆ ತಕ್ಕ ಭಾರವನ್ನು ಹೊರಿಸಬಲ್ಲ ಸಂಗಾತಿಯನ್ನು ಕಂಡಾಗ ಆಕೆಯ ಗೌರವವು ಅನುರಾಗವಾಯಿತು. ಕಾಯಕವು ಸ್ತ್ರೀಪುರುಷರಿಬ್ಬರಿಗೂ ಸಮಾನವೆಂದು ಎಂಟು ಶತಮಾನಗಳಿಗೂ ಹಿಂದೆಯೇ ಶರಣರಿಂದ ಕೇಳಿರುವ ಕನ್ನಡಿಗರಿಗೆ ಇಂಥ ಪ್ರೇಮದ ಸ್ವರೂಪವು ಅಪರಿಚಿತವಾಗಿ ತೋರದು.

ಹದಿಮೂರು ವರ್ಷಗಳ ಅವಧಿಯಲ್ಲಿ ಐವರು ಗಂಡುಮಕ್ಕಳೂ ಐವರು ಹೆಣ್ಣುಮಕ್ಕಳೂ ಆಕೆಗೆ ಜನಿಸಿದರು. ಈ ಹತ್ತು ಹೆರಿಗೆಗಳ ನಡುವೆಯೇ, ಕಾರ್ಖಾನೆಯ ಲೆಕ್ಕಪತ್ರಗಳ ಬದಿಯಲ್ಲೇ, ಆಕೆಯ ಹೆಸರನ್ನು ಸಾಹಿತ್ಯದಲ್ಲಿ ಸ್ಥಿರಪಡಿಸಿದ ಕಾರ್ಯವೂ ನಡೆಯಿತು. ಆಕ್ಸ್‌ಫರ್ಡಿನ ಜೀಸಸ್ ಕಾಲೇಜಿನಲ್ಲಿದ್ದ ‘ಹೆರ್ಗೆಸ್ಟಿನ ಕೆಂಪು ಪುಸ್ತಕ’ವೆಂಬ ಮಧ್ಯಯುಗದ ಹಸ್ತಪ್ರತಿಯಿಂದ ಪುರಾತನ ವೆಲ್ಷ್ ಕಥೆಗಳನ್ನು, ಜಾನ್ ಜೋನ್ಸ್ ಮತ್ತು ಥಾಮಸ್ ಪ್ರೈಸ್ ಎಂಬ ವಿದ್ವಾಂಸರ ನೆರವಿನಿಂದ ಆಕೆ ಇಂಗ್ಲಿಷಿಗೆ ತಂದು, ‘ಮ್ಯಾಬಿನೋಗಿಯನ್’ ಎಂಬ ಹೆಸರಿನಿಂದ ೧೮೩೮ರಿಂದ ಮೊದಲುಗೊಂಡು ೧೮೪೫ರವರೆಗೆ ಏಳು ಭಾಗಗಳಾಗಿಯೂ, ೧೮೪೯ರಲ್ಲಿ ಮೂರು ಸಂಪುಟಗಳಾಗಿಯೂ ಪ್ರಕಟಿಸಿದಳು. ಆರ್ಥರ್ ರಾಜನ ವೀರರೂ ವೇಲ್ಸಿನ ದೇವಮಾನವರೂ ಸಂಚರಿಸುವ ಆ ಕಥೆಗಳು ಈ ಅನುವಾದದ ಮೂಲಕವೇ ಲೋಕಕ್ಕೆ ಪರಿಚಿತವಾದವು. ಕವಿ ಟೆನಿಸನ್ನನು ಗೆರೈಂಟ್ ಮತ್ತು ಎನಿಡ್‌ರ ವೃತ್ತಾಂತವನ್ನು ಇಲ್ಲಿಂದಲೇ ಪಡೆದನು. ಆಕೆ ತನ್ನ ಒಬ್ಬ ಮಗಳಿಗೆ ಎನಿಡ್ ಎಂದೂ ಇನ್ನೊಬ್ಬಳಿಗೆ ರಿಯಾನನ್ ಎಂದೂ ಹೆಸರಿಟ್ಟುದನ್ನು ನೋಡಿದರೆ, ಆ ಕಥೆಗಳು ಆಕೆಗೆ ಪಾಂಡಿತ್ಯದ ವಿಷಯವಾಗಿ ಮಾತ್ರ ಉಳಿಯದೆ ಮನೆಯ ಮಾತಾಗಿದ್ದವೆಂಬುದು ತಿಳಿಯುತ್ತದೆ.

ಕುಲೀನವರ್ಗದ ತಿರಸ್ಕಾರವು ಆಕೆಯನ್ನು ನೋಯಿಸಲಿಲ್ಲವೆಂದರೆ ಸುಳ್ಳಾದೀತು. ವ್ಯಾಪಾರಿಯ ಹೆಂಡತಿಯೆಂಬ ಕಾರಣದಿಂದ ತನ್ನ ಮಕ್ಕಳಿಗೆ ಯಾವ ಮನೆಯ ಬಾಗಿಲೂ ಮುಚ್ಚಬಾರದೆಂದು ಆಕೆ ಹಟತೊಟ್ಟು, ಲಂಡನ್ನಿನಲ್ಲಿ ದೊಡ್ಡ ದೊಡ್ಡ ಔತಣಗಳನ್ನು ನಡೆಸಿದಳು. ೧೮೩೮ರಲ್ಲಿ ಗೆಸ್ಟನಿಗೆ ಬ್ಯಾರೊನೆಟ್ ಎಂಬ ಬಿರುದು ದೊರೆಯಿತು. ೧೮೪೬ರಲ್ಲಿ ಡಾರ್ಸೆಟ್ ಸೀಮೆಯ ಕ್ಯಾನ್‌ಫರ್ಡ್ ಎಂಬ ಭವ್ಯವಾದ ಜಹಗೀರನ್ನು ಕೊಂಡು, ಪಾರ್ಲಿಮೆಂಟ್ ಭವನವನ್ನು ಕಟ್ಟುತ್ತಿದ್ದ ಚಾರ್ಲ್ಸ್ ಬ್ಯಾರಿಯಿಂದಲೇ ಅದನ್ನು ಪುನರ್ನಿರ್ಮಾಣ ಮಾಡಿಸಿದರು. ಆದರೆ ಇವುಗಳಿಗಿಂತ ಹಿರಿದಾದುದು ಡೌಲೈಸಿನ ಶಾಲೆಗಳ ಕಾರ್ಯ. ಕೆಲಸಗಾರರ ಮಕ್ಕಳಿಗೆ ಹಗಲು ಶಾಲೆಗಳು, ದುಡಿಯುವ ತರುಣರಿಗೂ ತರುಣಿಯರಿಗೂ ಇರುಳು ಶಾಲೆಗಳು, ಓದಲು ಪುಸ್ತಕಭಂಡಾರ ಇವುಗಳನ್ನು ದಂಪತಿಗಳು ಸ್ವಂತ ಖರ್ಚಿನಿಂದ ನಡೆಸಿದರು. ಪಾಠಕ್ರಮವನ್ನು ಷಾರ್ಲಟ್‌ಳು ಸ್ವತಃ ನೋಡಿಕೊಂಡಳು. ಇಷ್ಟಾದರೂ ಆ ಊರಿನ ಜನಜೀವನವು ಸುಖವಾಗಿತ್ತೆಂದು ಯಾರೂ ಭ್ರಮಿಸಬೇಕಾಗಿಲ್ಲ. ಶುದ್ಧವಾದ ನೀರಿಲ್ಲದ, ಚರಂಡಿಗಳಿಲ್ಲದ ಇಕ್ಕಟ್ಟಾದ ಕೇರಿಗಳಲ್ಲಿ ೧೮೪೯ರ ಕಾಲರಾ ಮಾರಿಯು ಹೊಕ್ಕು, ಮರ್ಥರ್ ಪ್ರದೇಶದಲ್ಲಿ ಸಾವಿರಕ್ಕೂ ಹೆಚ್ಚು ಜನರನ್ನು ಆಹುತಿ ತೆಗೆದುಕೊಂಡಿತು. ಲೋಕದ ಅತ್ಯಂತ ದೊಡ್ಡ ಕಾರ್ಖಾನೆಯ ಒಡೆಯರು ತಮ್ಮ ಕೆಲಸಗಾರರಿಗೆ ಕುಡಿಯುವ ನೀರನ್ನು ಒದಗಿಸದೆ ಹೋದುದು ಅವರ ಕೀರ್ತಿಯ ಮೇಲಣ ಕಲೆಯಾಗಿದೆ.

೧೮೪೦ರ ದಶಕದ ಮಧ್ಯದಿಂದ ಗೆಸ್ಟನ ಆರೋಗ್ಯವು ಕುಗ್ಗುತ್ತ ಬಂದಿತು. ಅದಕ್ಕೆ ಸರಿಯಾಗಿ ಕಾರ್ಖಾನೆಯ ನೆಲದ ಗುತ್ತಿಗೆಯೂ ಮುಗಿಯುವ ಕಾಲ ಸಮೀಪಿಸಿತು. ಆ ನೆಲವು ಬ್ಯೂಟ್‌ನ ಮಾರ್ಕ್ವಿಸ್ ಮನೆತನಕ್ಕೆ ಸೇರಿದುದು. ತೊಂಬತ್ತೊಂಬತ್ತು ವರ್ಷಗಳ ಹಿಂದೆ, ಕುರಿಮೇವಿನ ಬೆಲೆಗೆ ಕೊಟ್ಟಿದ್ದ ನೆಲವು ಈಗ ಚಿನ್ನದ ಬೆಲೆಯದಾಗಿದ್ದಿತು; ಮಾರ್ಕ್ವಿಸನು ಸುಲಭವಾಗಿ ಒಪ್ಪಲಿಲ್ಲ. ಕಾರ್ಖಾನೆಯನ್ನೇ ಮುಚ್ಚಬೇಕಾದೀತೆಂಬ ಭೀತಿಯು ಸಹಸ್ರಾರು ಕುಟುಂಬಗಳನ್ನು ಆವರಿಸಿದ್ದಿತು. ೧೮೪೮ರ ಮಾರ್ಚಿನಲ್ಲಿ ಆ ಮಾರ್ಕ್ವಿಸನು ತೀರಿಕೊಂಡ ತರುವಾಯ ಆತನ ಆಸ್ತಿಯ ಪಾಲಕರೊಡನೆ ಒಪ್ಪಂದವಾಗಿ ಗುತ್ತಿಗೆಯು ನವೀಕರಣಗೊಂಡಿತು. ೧೮೫೨ರ ನವೆಂಬರ್ ೨೬ರಂದು ಗೆಸ್ಟನು ತಾನು ಹುಟ್ಟಿದ ಡೌಲೈಸಿನಲ್ಲಿಯೇ ಕೊನೆಯುಸಿರೆಳೆದನು. ಆತನ ಮರಣಶಾಸನದ ಪ್ರಕಾರ ಷಾರ್ಲಟ್‌ಳು, ವಿಧವೆಯಾಗಿ ಇರುವಷ್ಟು ಕಾಲ, ಕಾರ್ಖಾನೆಯ ಪಾಲಕರಲ್ಲಿ ಒಬ್ಬಳಾಗಿ ಆಡಳಿತದ ಅಧಿಕಾರವನ್ನು ಪಡೆದಳು.

‘ವಿಧವೆಯಾಗಿ ಇರುವಷ್ಟು ಕಾಲ’ ಎಂಬ ಆ ನಿಬಂಧನೆಯಲ್ಲಿ ಆ ಯುಗದ ನ್ಯಾಯವೆಲ್ಲ ಅಡಗಿದೆ. ಅಂದಿನ ಇಂಗ್ಲಿಷ್ ಕಾನೂನಿನ ದೃಷ್ಟಿಯಲ್ಲಿ ವಿವಾಹಿತ ಸ್ತ್ರೀಯ ವ್ಯಕ್ತಿತ್ವವು ಪತಿಯ ವ್ಯಕ್ತಿತ್ವದಲ್ಲಿ ಲೀನವಾಗಿದ್ದಿತು; ಆಕೆಯ ಆಸ್ತಿಯು ಪತಿಯದು, ಗಳಿಕೆಯೂ ಪತಿಯದು, ಆಕೆಯ ಸಹಿಗೆ ಸ್ವತಂತ್ರವಾದ ಬೆಲೆಯಿಲ್ಲ. ೧೮೭೦ ಮತ್ತು ೧೮೮೨ರ ಶಾಸನಗಳು ಬರುವ ತನಕ ಈ ಸ್ಥಿತಿಯು ಹಾಗೆಯೇ ಉಳಿದಿದ್ದಿತು. ಹತ್ತೊಂಬತ್ತು ವರ್ಷ ಗಂಡನ ಬದಿಯಲ್ಲಿ ಕುಳಿತು ಕಾರ್ಖಾನೆಯನ್ನು ನಡೆಸಿದವಳಿಗೆ ತನ್ನ ಹೆಸರಿನಲ್ಲಿ ಅಧಿಕಾರವು ಬರಬೇಕಾದರೆ ಗಂಡನು ಸಾಯಬೇಕಾಯಿತು. ಬಂದ ಅಧಿಕಾರವನ್ನು ಆಕೆ ಅಂಜದೆ ವಹಿಸಿದಳು. ೧೮೫೩ರ ಬೇಸಗೆಯಲ್ಲಿ ಗಣಿಯ ಕೆಲಸಗಾರರು ಹೆಚ್ಚಿನ ಕೂಲಿಯನ್ನು ಬೇಡಿ ಕೆಲಸ ನಿಲ್ಲಿಸಿದಾಗ ಹೆಂಗಸೆಂದು ತನ್ನನ್ನು ಯಾರೂ ಲಘುವಾಗಿ ಕಾಣಕೂಡದೆಂಬ ನಿಶ್ಚಯದಿಂದ ನಿಂತಳು, ಮಣಿಯಲಿಲ್ಲ, ಕಡೆಗೆ ಕೆಲಸಗಾರರೇ ಹಿಂದಿರುಗಿದರು. ಆ ಜನರ ಹಸಿವನ್ನು ನೆನೆದರೆ ಈ ಜಯವನ್ನು ಕೊಂಡಾಡಲು ಮನಸ್ಸು ಒಪ್ಪುವುದಿಲ್ಲ. ಅವರ ಮಕ್ಕಳಿಗೆ ಅಕ್ಷರ ಕಲಿಸಿದವಳು ಅವರ ಕೂಲಿಯ ಪ್ರಶ್ನೆ ಬಂದಾಗ ಒಡೆಯರ ಪಂಕ್ತಿಯಲ್ಲೇ ನಿಂತಳೆಂಬುದನ್ನು ಚರಿತ್ರೆಯು ಮರೆಮಾಚಬಾರದು.

ಈ ಏಕಾಕಿತನದ ವರ್ಷಗಳಲ್ಲಿ ಹಿರಿಯ ಮಗನನ್ನು ಕೇಂಬ್ರಿಜ್ ವಿದ್ಯಾಭ್ಯಾಸಕ್ಕೆ ಸಿದ್ಧಗೊಳಿಸಲು ಚಾರ್ಲ್ಸ್ ಷ್ರೈಬರ್ ಎಂಬ ತರುಣ ವಿದ್ವಾಂಸನು ಮನೆಗೆ ಗುರುವಾಗಿ ಬಂದಿದ್ದನು. ಟ್ರಿನಿಟಿ ಕಾಲೇಜಿನ ಫೆಲೊ ಆಗಿದ್ದ ಆತನು ಆಕೆಗಿಂತ ಹದಿನಾಲ್ಕು ವರ್ಷ ಕಿರಿಯನು; ಸಂಪತ್ತೂ ಬಿರುದೂ ಇಲ್ಲದವನು. ಅನುರಾಗವು ಮತ್ತೊಮ್ಮೆ ಆಕೆಯ ಬಾಳನ್ನು ಹೊಕ್ಕಿತು, ಮತ್ತೊಮ್ಮೆ ಅದು ಕುಲದ ಮೇರೆಯನ್ನು ಮೀರಿಯೇ ಬಂದಿತು. ನಿಂದೆಯನ್ನು ಲೆಕ್ಕಿಸದೆ ೧೮೫೫ರ ಏಪ್ರಿಲ್ ತಿಂಗಳಲ್ಲಿ ಆಕೆ ಆತನನ್ನು ವರಿಸಿದಳು. ವರಿಸಿದೊಡನೆ ಮರಣಶಾಸನದ ನಿಬಂಧನೆಯಂತೆ ಡೌಲೈಸಿನ ಅಧಿಕಾರವು ಆಕೆಯ ಕೈಬಿಟ್ಟಿತು. ಆಡಳಿತವನ್ನು ವಹಿಸಿಕೊಂಡ ಜಾರ್ಜ್ ಥಾಮಸ್ ಕ್ಲಾರ್ಕ್ ಎಂಬ ಎಂಜಿನಿಯರನು ಹಿಂದೆ ಭಾರತದಲ್ಲಿದ್ದು, ಮುಂಬಯಿ ಮತ್ತು ಠಾಣೆಗಳ ನಡುವಣ ನಮ್ಮ ದೇಶದ ಮೊದಲ ಪ್ರಯಾಣಿಕ ರೈಲುದಾರಿಯ ಯೋಜನೆಯಲ್ಲಿ ಪಾತ್ರ ವಹಿಸಿದ್ದವನು. ಕ್ಲಾರ್ಕನ ಕಾಲದಲ್ಲಿ ಡೌಲೈಸ್ ಉಕ್ಕು ತಯಾರಿಸುವ ಬೆಸೆಮರ್ ವಿಧಾನಕ್ಕೆ ಅನುಮತಿ ಪಡೆದ ಮೊದಲ ಕಾರ್ಖಾನೆಯಾಗಿ ಉಕ್ಕಿನ ಯುಗಕ್ಕೆ ಕಾಲಿರಿಸಿತು. ಷಾರ್ಲಟ್ ಕಾಪಾಡಿ ಒಪ್ಪಿಸಿದುದು ಒಂದು ಸಜೀವವಾದ ಸಂಸ್ಥೆಯನ್ನು.

ಎರಡನೆಯ ದಾಂಪತ್ಯವೂ ಸಹಕಾರ್ಯದಿಂದಲೇ ಬೆಳಗಿತು. ಪತಿಪತ್ನಿಯರು ಹಾಲೆಂಡ್, ಫ್ರಾನ್ಸ್, ಸ್ಪೇನ್ ಮೊದಲಾದ ದೇಶಗಳ ಹಳೆಯ ಅಂಗಡಿಗಳನ್ನು ಸುತ್ತಿ, ಬೋ, ಚೆಲ್ಸಿ, ವೂಸ್ಟರ್, ಡರ್ಬಿ ಮೊದಲಾದ ಕಡೆಗಳಲ್ಲಿ ತಯಾರಾದ ಇಂಗ್ಲಿಷ್ ಪಿಂಗಾಣಿ ವಸ್ತುಗಳನ್ನು ಹುಡುಕಿ ಸಂಗ್ರಹಿಸತೊಡಗಿದರು. ಕಬ್ಬಿಣದ ಧಾರಣೆಯನ್ನು ಅಳೆದು ಪಳಗಿದ ಕಣ್ಣು ಇಲ್ಲಿಯೂ ಮೋಸಹೋಗಲಿಲ್ಲ. ಇತರರು ಬೆಲೆಯರಿಯದೆ ಬಿಟ್ಟುದನ್ನು ಆಕೆ ಗುರುತಿಸಿ ಕೊಂಡಳು. ೧೮೮೪ರಲ್ಲಿ ಷ್ರೈಬರನು ಲಿಸ್ಬನ್ನಿನಲ್ಲಿ ನಿಧನನಾದ ಮೇಲೆ, ಸುಮಾರು ೧,೮೦೦ ವಸ್ತುಗಳ ಆ ಸಂಗ್ರಹವನ್ನು ಪತಿಯ ಸ್ಮರಣಾರ್ಥವಾಗಿ, ಇಂದು ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯವೆಂದು ಹೆಸರಾಗಿರುವ ಸಂಸ್ಥೆಗೆ ಒಪ್ಪಿಸಿದಳು. ಬೀಸಣಿಗೆಗಳೂ ಆಟದ ಎಲೆಗಳೂ ಬ್ರಿಟಿಷ್ ವಸ್ತುಸಂಗ್ರಹಾಲಯವನ್ನು ಸೇರಿದವು. ದೃಷ್ಟಿಯು ಮಂದವಾದ ಕೊನೆಯ ವರ್ಷಗಳಲ್ಲಿಯೂ ಕೈಗಳಿಗೆ ಬಿಡುವು ಕೊಡದೆ, ಲಂಡನ್ನಿನ ಬಾಡಿಗೆಗಾಡಿಯವರಿಗಾಗಿ ಉಣ್ಣೆಯ ಕೊರಳಪಟ್ಟಿಗಳನ್ನು ಹೆಣೆಯುತ್ತಿದ್ದ ಆಕೆ ೧೮೯೫ರ ಜನವರಿ ೧೫ರಂದು ಕ್ಯಾನ್‌ಫರ್ಡಿನಲ್ಲಿ ತೀರಿಕೊಂಡಳು.

ಡೌಲೈಸಿನ ಕಂಪೆನಿಯು ಮುಂದೆ ಇತರ ಸಂಸ್ಥೆಗಳೊಡನೆ ಕೂಡಿ, ೧೯೦೨ರಲ್ಲಿ ಗೆಸ್ಟ್, ಕೀನ್ ಮತ್ತು ನೆಟಲ್‌ಫೋಲ್ಡ್ಸ್ ಎಂಬ ಹೆಸರನ್ನು ತಳೆಯಿತು. ಅಲ್ಲಿರುವ ಗೆಸ್ಟ್ ಎಂಬ ಮೊದಲ ಪದವನ್ನು ಓದುವವರು ಅಜ್ಜ, ಮಗ, ಮೊಮ್ಮಗರೆಂಬ ಗಂಡಸರ ಪರಂಪರೆಯನ್ನೇ ಸ್ಮರಿಸುತ್ತಾರೆ; ಆ ಪದಕ್ಕೆ ಒಬ್ಬ ಸ್ತ್ರೀಯೂ ಹಕ್ಕುದಾರಳೆಂಬುದನ್ನು ನೆನೆಯುವವರು ವಿರಳ. ಷಾರ್ಲಟ್‌ಳು ದಿನಚರಿಯನ್ನು ಬರೆದಿಡದೆ ಹೋಗಿದ್ದರೆ ಆ ವಿರಳವಾದ ಸ್ಮರಣೆಗೂ ಆಧಾರವಿರುತ್ತಿರಲಿಲ್ಲ, ಏಕೆಂದರೆ ಕಾನೂನು ಆಕೆಯ ದುಡಿಮೆಯನ್ನು ಪತಿಯ ಹೆಸರಿನಲ್ಲಿಯೇ ದಾಖಲಿಸಿದ್ದಿತು. ನಮ್ಮ ನಾಡಿನ ಹಳೆಯ ವರ್ತಕ ಮನೆತನಗಳಲ್ಲಿಯೂ ನೇಕಾರರ ಮನೆಗಳಲ್ಲಿಯೂ ಲೆಕ್ಕ ಹಿಡಿದ, ಸರಕು ಆರಿಸಿದ, ಸಾಲಗಾರರಿಗೆ ಉತ್ತರ ಹೇಳಿದ ಸ್ತ್ರೀಯರು ಇದ್ದೇ ಇದ್ದಾರು. ಅವರು ದಿನಚರಿ ಬರೆದಿರಲಾರರು. ಆದುದರಿಂದ ಉದ್ಯಮದ ಚರಿತ್ರೆಯನ್ನು ಬರೆಯಹೊರಡುವ ಕನ್ನಡದ ತರುಣ ವಿದ್ವಾಂಸರಲ್ಲಿ ನನ್ನದೊಂದು ಬಿನ್ನಹವಿದೆ: ಹಳೆಯ ಕಡತಗಳನ್ನು ಬಿಚ್ಚುವಾಗ ಸಹಿ ಯಾರದೆಂದು ನೋಡಿ ತೃಪ್ತರಾಗಬೇಡಿರಿ, ಕಡತದಲ್ಲಿನ ಅಕ್ಷರವು ಯಾರದೆಂಬುದನ್ನೂ ವಿಚಾರಿಸಿರಿ, ಆ ಮನೆಗಳ ವೃದ್ಧೆಯರು ಇನ್ನೂ ನಮ್ಮ ನಡುವೆ ಇರುವಾಗಲೇ ಅವರನ್ನು ಕಂಡು, ಕೇಳಿ, ಬರೆದಿಡಿರಿ.